ಟ್ಯಾರೊ ಎಲೆಗೆ ಗೊತ್ತಿರುವುದೆಷ್ಟು?

ಕಣಿ ಹೇಳಲು ಬಳಸುವ ಟ್ಯಾರೊ ಎಲೆಗಳೆಂದರೆ ಪ್ರಾಚೀನ ಈಜಿಪ್ಟಿನ ಪೂಜಾರಿಗಳು ಚಿತ್ರಗಳಲ್ಲಿ ಬಚ್ಚಿಟ್ಟ ಜ್ಞಾನ ಎಂಬ ನಂಬಿಕೆ ಇನ್ನೂ ಚಲಾವಣೆಯಲ್ಲಿದೆ. ಅದನ್ನು ಹಬ್ಬಿಸಿದವರು ಫ್ರಾನ್ಸಿನ ಕೂರ್ ದ ಜೆಬ್ಲಾಂ, 1781ರಲ್ಲಿ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ವಿದ್ವಾಂಸ ಶಾಂಪೋಲಿಯೋಂ ಬಿಡಿಸಿದ್ದು 1822ರಲ್ಲಿ. ಅಂದರೆ ಅಲ್ಲಿನ ಬರಹ ಯಾರಿಗೂ ಓದಲು ಬಾರದ ಕಾಲದಲ್ಲೇ ಅದರ ರಹಸ್ಯ ಪ್ಯಾರಿಸ್ಸಿನಲ್ಲಿ ಬಿಕರಿಗಿತ್ತು!

ದಾಖಲೆಗಳು ಬೊಟ್ಟು ಮಾಡುವುದು ಉತ್ತರ ಇಟಲಿಯತ್ತ. 1440ರ ಆಸುಪಾಸಿನಲ್ಲಿ ಮಿಲಾನ್, ಫೆರಾರಾದ ಆಸ್ಥಾನಗಳಲ್ಲಿ ಇವು ಇಸ್ಪೀಟಿನಂತೆ ಆಡುವ ಎಲೆಗಳಾಗಿದ್ದವು. ರೂಢಿಗೆ ಬಂದ ಕಟ್ಟಿನಲ್ಲಿ 78 ಎಲೆ: 21 ತುರುಪು, ಒಬ್ಬ ಮೂರ್ಖ, ಉಳಿದ 56 ನಾಲ್ಕು ಬಣ್ಣದವು. ಫ್ರಾನ್ಸಿನಲ್ಲಿ ಈ ಆಟ ಇಂದಿಗೂ ಜನಪ್ರಿಯ. ಚಿತ್ರ ಗಂಭೀರವಾಗಿದ್ದ ಮಾತ್ರಕ್ಕೆ ಎಲೆ ಶಾಸ್ತ್ರವಾಗುವುದಿಲ್ಲ. ಮೈಸೂರಿನ ಗಂಜೀಫಾ ಎಲೆಗಳಲ್ಲಿ ದಶಾವತಾರವೇ ಇದೆ, ಅದನ್ನೂ ಬರೆದದ್ದು ಆಡಲೆಂದೇ.

ಇನ್ನು ‘ಸಾವು’. ಈ ಎಲೆ ಬಂದರೆ ಮನೆಯಲ್ಲಿ ಯಾರಿಗೋ ಗಂಡಾಂತರ ಎಂದು ಬೆಚ್ಚುವವರಿದ್ದಾರೆ. ಆಟದಲ್ಲಿ ಅದು ಬರೀ 13ನೇ ತುರುಪು. ಕಣಿ ಹೇಳುವವರು ಅದನ್ನು ‘ಬದಲಾವಣೆ’ ಎಂದು ಓದುತ್ತಾರೆ. ಆ ಅರ್ಥವೂ ಅವರು ಮಾಡಿಕೊಂಡ ರೂಢಿಯೇ.

ಕಣಿಗೆ ಬಳಸುವ ಒರಾಕಲ್ ಎಲೆಗಳೂ ಟ್ಯಾರೊವೂ ಒಂದೇ ಅಲ್ಲ. ಒರಾಕಲ್‌ಗೆ ಎಲೆಗಳ ಲೆಕ್ಕವಿಲ್ಲ, ಕಟ್ಟಳೆಯಿಲ್ಲ, ತಯಾರಿಸಿದವರು ಹೇಳಿದ್ದೇ ಅರ್ಥ. ಕಣಿಗೆ ಬಳಸುವ ಇನ್ನೊಂದು ಹೆಸರಾಂತ ಕಟ್ಟು 36 ಎಲೆಗಳ ‘ಲೆನೋರ್ಮಾಂ’. ಅದರ ಮೂಲವೂ ಆಟವೇ, ಜರ್ಮನಿಯ ನ್ಯೂರೆಂಬರ್ಗ್‌ನ ಒಂದು ದಾಳದಾಟ.

ಹಾಗಿದ್ದರೆ ‘ನನ್ನ ಬದುಕನ್ನೇ ಹೇಳಿಬಿಟ್ಟಿತು’ ಎಂದು ಅಷ್ಟೊಂದು ಜನರಿಗೆ ಅನ್ನಿಸುವುದೇಕೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ‘ನಿಮ್ಮ ವ್ಯಕ್ತಿತ್ವ ಹೀಗಿದೆ’ ಎಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಿದೆ ಎಂದು ಕೇಳಿದಾಗ ಬಂದ ಸರಾಸರಿ ಅಂಕ 5ಕ್ಕೆ 4.26. ಆಮೇಲೆ ಗೊತ್ತಾಯಿತು, ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ. ಅದನ್ನು ಹೆಕ್ಕಿದ್ದು ಜ್ಯೋತಿಷ್ಯದ ಪುಸ್ತಕದಿಂದ.

ಎಲೆ ಏನನ್ನೂ ಕಾಣದು, ನಿಜ. ನೋಡುವವರಿಗೆ ಮಾತ್ರ ಕೆಲವೊಮ್ಮೆ ಏನೋ ಕಂಡೀತು. 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಕಟ್ಟಿಗೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ‘ಎಂಟು ಖಡ್ಗ’ವನ್ನೇ ನೋಡಿ: ಒಬ್ಬ ಹೆಂಗಸು, ಕಣ್ಣಿಗೆ ಬಟ್ಟೆ, ಮೈಗೆ ಕಟ್ಟು, ಸುತ್ತ ನೆಟ್ಟ ಖಡ್ಗಗಳು. ಆದರೆ ಆಕೆಯ ಕಾಲಿಗೆ ಕಟ್ಟಿಲ್ಲ, ಕಾವಲಿಗೆ ಯಾರೂ ಇಲ್ಲ. ಬೇಸತ್ತ ನೌಕರಿ ಬಿಡಲಾಗದೆ ಒದ್ದಾಡುವವರು ಇದನ್ನು ಕಂಡು, ತಮ್ಮನ್ನು ಹಿಡಿದಿರುವುದು ಮನೆ ಸಾಲವೋ, ಬರೀ ಅಳುಕೋ ಎಂದು ಲೆಕ್ಕ ಹಾಕಲು ಕೂತರೆ ಅಷ್ಟರಮಟ್ಟಿಗೆ ಉಪಯೋಗವಾಯಿತು. ಬೇಕಾದ ಎಲೆ ಬರುವ ತನಕ ಮತ್ತೆ ಮತ್ತೆ ಕಲಸುವವರಿಗೆ ಅದೂ ಇಲ್ಲ.