ಖಾಲಿ ತಟ್ಟೆಯ ಜಾಗ

ಸುಗ್ಗಿ ಶುರುವಾಗಿದೆ. ಸಿಂಧನೂರಿನಿಂದ ಹೊರಟ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದಾರೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಬೈಕಿನವರು ಕಾಲೂರಿ ನಿಲ್ಲಬೇಕು. ಹಾಗೆ ನಿಂತು, ಸಾಗಿ, ತುಂಗಭದ್ರಾ ಎಡದಂಡೆಯ ಉಪಕಾಲುವೆ ದಾಟಿ ಮೇಷ್ಟ್ರುಗಳು, ಟೀಚರುಗಳು ಒಬ್ಬೊಬ್ಬರಾಗಿ ಕ್ಯಾಂಪಿನ ಸರ್ಕಾರಿ ಶಾಲೆಗೆ ಬರುತ್ತಿದ್ದಾರೆ. ಶನಿವಾರ, ಬೆಳಗಿನ ಶಾಲೆ ಮುಗಿದಿದೆ. ಮಕ್ಕಳು ಮನೆಗೆ ಹೋದ ಮೇಲೆ ಕಲಿಸುವವರು ಕಲಿಯಲು ಕೂರುವ ಹೊತ್ತು. ಕ್ಲಸ್ಟರಿನ ಸಮಾಲೋಚನಾ ಸಭೆ.

ಕೂತಿರುವುದು ನಲಿ-ಕಲಿ ಕೊಠಡಿಯಲ್ಲಿ. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಬಿಡಿಸಿದ ಎತ್ತು, ಬಸ್ಸು, ಸೂರ್ಯ ನೇತಾಡುತ್ತಿವೆ. ಎತ್ತರದ ಮೇಷ್ಟ್ರೊಬ್ಬರು ಎದ್ದು ನಿಂತಾಗಲೆಲ್ಲ ಎತ್ತಿನ ಚಿತ್ರ ಅವರ ನೆತ್ತಿಗೆ ತಾಗುತ್ತದೆ. ಗೋಡೆಗೆ ಕಲಿಕಾ ಏಣಿ, ಮೂಲೆಯಲ್ಲಿ ಕಾರ್ಡುಗಳ ತಟ್ಟೆ. ಈ ಕಾರ್ಡುಗಳ ಹುಟ್ಟನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಪಾಠ ಕಂಡು ಬಂದರು. ಬಂದವರು ಒಟ್ಟಿಗೆ ಕೂತು ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ತಾವೇ ಮಾಡಿಕೊಂಡರು. 2009-10ರ ಹೊತ್ತಿಗೆ ಈ ನಲಿ-ಕಲಿ ಪದ್ಧತಿ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹತ್ತಾರು ಮೇಷ್ಟ್ರುಗಳ ಮಾತುಕತೆಯಿಂದ ಹುಟ್ಟಿದ್ದು ಮೈಸೂರು ಸೀಮೆಯಿಂದ ಈ ಭತ್ತದ ಸೀಮೆಗೂ ಬಂತು.

ಚಹಾ ಮುಗಿಯಿತು. ಟೀಚರೊಬ್ಬರು ಬ್ಯಾಗಿನಿಂದ ಒಂದು ನೋಟುಬುಕ್ಕು ತೆಗೆದು ನಡುವಿನ ದುಂಡು ಮೇಜಿನ ಮೇಲೆ ತೆರೆದಿಟ್ಟರು. ಎಣ್ಣೆ ಕಲೆಯ ಹಾಳೆ, ಉದ್ದ ಬಾಲದ ಅಂಕಿಗಳು. ಲೆಕ್ಕ ಇಷ್ಟೇ: 408ನ್ನು 4ರಿಂದ ಭಾಗಿಸು. ಹುಡುಗ ಬರೆದ ಉತ್ತರ 12.

"ಒಬ್ಬಂದs ಅಲ್ರಿ ಇದು. ನಮ್ಮ ಐದನೇತ್ತೆಯೊಳಗ ಬಾಳ ಮಂದಿ ಹಿಂಗs ಮಾಡ್ಯಾರ."

ನೋಟುಬುಕ್ಕು ಕೈಯಿಂದ ಕೈಗೆ ದಾಟಿತು. ಹಿರಿಯ ಮೇಷ್ಟ್ರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. "ಭಾಗಾಕಾರ ಬರ್ತೈತ್ರಿ ಅವಗ. ಸೊನ್ನಿ ಬರಂಗಿಲ್ಲ." ಸ್ವಲ್ಪ ತಡೆದು ತಾವೇ ಮುಂದುವರಿಸಿದರು. "ಹೋಗಂಗಿಲ್ಲಂದ್ರ ಮುಂದಿನ ಅಂಕಿ ಇಳಿಸ್ಕೋ ಅಂತ ಇಷ್ಟು ವರ್ಷ ನಾನs ಹೇಳ್ಕೊಟ್ಟೀನಿ. ಸೊನ್ನಿ ಬರಿ ಅಂತ ಒತ್ತಿ ಹೇಳಿಲ್ಲ. ಹುಡುಗ ನನ್ನ ಮಾತs ಕೇಳ್ಯಾನ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಎಷ್ಟೋ ವರ್ಷ ಪಾಠ ಮಾಡಿದವರು ಇಪ್ಪತ್ತು ಜನ ಸಹೋದ್ಯೋಗಿಗಳ ಎದುರು ಹಾಗೆ ಹೇಳಬೇಕಾದರೆ ಆ ಕೋಣೆಯ ಮೇಲೆ ಎಷ್ಟು ನಂಬಿಕೆ ಇರಬೇಕು!

ಆಮೇಲೆ ಮಾತು ಕಟ್ಟೆಯೊಡೆದು ಹರಿಯಿತು. ಒಬ್ಬರು ಅಡುಗೆ ಕೋಣೆಗೆ ಹೋಗಿ ಬಿಸಿಯೂಟದ ಮೂರು ಸ್ಟೀಲ್ ತಟ್ಟೆ ತಂದು ಸಾಲಾಗಿ ಇಟ್ಟರು: ನೂರು, ಹತ್ತು, ಬಿಡಿ. ಮೊದಲನೆಯದರಲ್ಲಿ ರಬ್ಬರ್ ಹಾಕಿದ ಕಡ್ಡಿಯ ನಾಲ್ಕು ದೊಡ್ಡ ಕಟ್ಟು. ಕಡೆಯದರಲ್ಲಿ ಎಂಟು ಬಿಡಿ ಕಡ್ಡಿ. ನಡುವಿನ ತಟ್ಟೆ ಖಾಲಿ. "ಖಾಲಿ ಐತಂತ ಇದನ್ನ ಎತ್ತಿಡಂಗಿಲ್ಲ. ಇದರ ಜಾಗ ಇದಕ್ಕs ಇರ್ಲಿ." ಇನ್ನೊಬ್ಬ ಯುವ ಶಿಕ್ಷಕರ ದಾರಿ ಬೇರೆ. ಈ ಊರಿನ ಮಕ್ಕಳು ಭತ್ತದ ಚೀಲ ಎಣಿಸುತ್ತ ಬೆಳೆದವರು. ಚೀಲಕ್ಕೆ 75 ಕಿಲೋ ಎಂದು ಒಂದನೇ ತರಗತಿಯ ಮಗುವೂ ಹೇಳುತ್ತದೆ. "408 ಚೀಲ, ನಾಲ್ಕು ಲಾರಿ. ಒಂದಕ್ಕ ಹನ್ನೆರಡs ಚೀಲ ಹೇರಿದ್ರ ಉಳಿದ 360 ಚೀಲ ಎಲ್ಲಿ ಹೋದವು ಅಂತ ಕೇಳ್ರಿ. ತಪ್ಪು ಅವರs ಹುಡುಕ್ತಾರ." ನೋಟುಬುಕ್ಕು ತಂದ ಟೀಚರ್ ಎರಡನ್ನೂ ಬರೆದುಕೊಂಡರು.

ಸಿಂಧನೂರಿನ ತರಗತಿಗಳಿಗೆ ಇನ್ನೊಂದು ಕಷ್ಟವಿದೆ, ಹೊರಗಿನವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಕಾಲುವೆ ನೀರನ್ನು ನಂಬಿ ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು. ಪೂರ್ವ ಬಂಗಾಳ ಬಿಟ್ಟು ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಲಂಬಾಣಿ ತಾಂಡಾಗಳಂತೂ ಇದ್ದೇ ಇವೆ. ಒಂದೇ ಬೆಂಚಿನ ಮೇಲೆ ನಾಲ್ಕು ಮನೆಮಾತು.

ಬಂಗಾಳಿ ಕ್ಯಾಂಪಿನ ಕಡೆ ಪಾಠ ಮಾಡುವ ಟೀಚರ್ ತಮ್ಮ ಮೊದಲ ವಾರದ ಸಂಗತಿ ಹೇಳಿದರು. ಪುಟ್ಟ ಹುಡುಗಿಯೊಬ್ಬಳು ಬಂದು "ಜೊಲ್ ಖಾಬೊ" ಎಂದಳಂತೆ. ಇವರು ಜೋಳ ಅಂದುಕೊಂಡು, ಜೋಳದ ರೊಟ್ಟಿಯ ಮಾತಿರಬೇಕೆಂದು ನಕ್ಕು ತಲೆ ಸವರಿದರು. ಅವಳು ಅಳತೊಡಗಿದಳು. ದೊಡ್ಡ ತರಗತಿಯ ಅಕ್ಕ ಬಂದು ಹೇಳಿದ ಮೇಲೆ ತಿಳಿಯಿತು, ಮಗು ಕೇಳಿದ್ದು ನೀರು. ಅಂದಿನಿಂದ ಟೀಚರ್ ಒಂದು ಪುಸ್ತಕ ಇಟ್ಟಿದ್ದಾರೆ. ಮೊದಲ ಹಾಳೆಯಲ್ಲಿ ದೊಡ್ಡದಾಗಿ 'ನೀರು', ಕೆಳಗೆ ನೀಳ್ಳು, ಪಾಣಿ, ಜೊಲ್, ಎಲ್ಲವೂ ಕನ್ನಡ ಅಕ್ಷರದಲ್ಲಿ. ಪಕ್ಕದಲ್ಲಿ ಬಣ್ಣ ಹಾಕಿದ ಬಿಂದಿಗೆ. ಸಭೆ ಮುಗಿಯುವುದರೊಳಗೆ ಆ ಪುಸ್ತಕದ ಹಾಳೆಗಳೆಲ್ಲ ಹದಿನೈದು ಮೊಬೈಲುಗಳಿಗೆ ಹೋಗಿದ್ದವು.

ಸಿಂಧನೂರು ಇರುವ ರಾಯಚೂರು ಜಿಲ್ಲೆಗೆ ಇಂಥ ಕೂಟ ಹೊಸದಲ್ಲ. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ (ಡಿಪಿಇಪಿ) ರಾಜ್ಯಕ್ಕೆ ಬಂದಾಗ ಮೊದಲ ಹಂತದಲ್ಲಿ ಆಯ್ದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಕೋಲಾರ, ಮಂಡ್ಯದ ಜತೆ ರಾಯಚೂರೂ ಇತ್ತು. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಒಂದೆಡೆ ಸೇರಿ ಪಾಠದ ಕಷ್ಟ ಮಾತಾಡಲಿ ಎಂದೇ ಆ ಕಾಲದಲ್ಲಿ ಕ್ಲಸ್ಟರ್ ಕೇಂದ್ರಗಳನ್ನು ಗಟ್ಟಿಗೊಳಿಸಿದರು. 2011ರ ಜನಗಣತಿಯಲ್ಲೂ ಶೇ 60 ಮುಟ್ಟದ ಸಾಕ್ಷರತೆಯ ಜಿಲ್ಲೆ ಇದು. ಇಲ್ಲಿ ಅಂಥ ಮಾತು ಇನ್ನೂ ಹೆಚ್ಚು ಬೇಕು. ಆದರೆ ಎಷ್ಟೋ ಕಡೆ ಆ ಮಧ್ಯಾಹ್ನವನ್ನು ಸುತ್ತೋಲೆ ಓದುವುದು, ಮೊಟ್ಟೆಯ ಲೆಕ್ಕ, ಅಂಕಿಅಂಶದ ನಮೂನೆಗಳೇ ತಿಂದುಬಿಡುತ್ತವೆ. ಮೇಲಿನಿಂದ ಬಂದು ಭಾಷಣ ಮಾಡಿ ಹೋಗುವ ತರಬೇತಿಗಳನ್ನೂ ನಾನು ಕಂಡಿದ್ದೇನೆ. ಅವುಗಳಲ್ಲಿ ಯಾವ ಮಗುವಿನ ನೋಟುಬುಕ್ಕನ್ನೂ ಯಾರೂ ತೆರೆದಿಡುವುದಿಲ್ಲ.

ಐದು ಗಂಟೆ. ರಸ್ತೆಯ ಭತ್ತವನ್ನು ರಾಶಿ ಮಾಡುತ್ತಿದ್ದಾರೆ. ತೊಳೆದ ತಟ್ಟೆಗಳು ಅಡುಗೆ ಕೋಣೆ ಸೇರಿದವು. ಮುಂದಿನ ತಿಂಗಳ ಸಭೆ ತಾಂಡಾದ ಶಾಲೆಯಲ್ಲಿ; ಓದಲು ತಡವರಿಸುವ ಮೂವರು ಮಕ್ಕಳ ನೋಟುಬುಕ್ಕುಗಳು ಬರಲಿವೆ. ಇಲಾಖೆಯವರಲ್ಲಿ ನನ್ನದೊಂದೇ ಕೋರಿಕೆ: ಬೇಕಾದ ಪಟ್ಟಿಗಳನ್ನೆಲ್ಲ ಹಿಂದಿನ ದಿನವೇ ತರಿಸಿಕೊಳ್ಳಿ, ಆ ಒಂದು ಮಧ್ಯಾಹ್ನವನ್ನು ಅವರಿಗೇ ಬಿಡಿ.