ಹಳೇ ಲ್ಯಾಪ್‌ಟಾಪ್‌ಗೆ 4ಜಿ ಮೋಡೆಮ್ ಕಾರ್ಡ್: ನೆಟ್ ಬರದಿದ್ರೆ ಎಲ್ಲಿ ನಿಂತಿದೆ ಅಂತ ಹುಡುಕೋದು ಹೇಗೆ?

ಈ ವಾರದ ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಅಚ್ಚುಕಟ್ಟಾಗಿ ಬರೆದಿದ್ದೀನಿ. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಕೂತಾಗ ವಿಡಿಯೋನ ಹಿಂದೆ ಮುಂದೆ ಎಳೆಯೋದಕ್ಕಿಂತ ಓದೋದು ಸುಲಭ.

ವಿಷಯ ಶುರುವಾಗಿದ್ದು ನನ್ನ ತಂಗಿಯಿಂದ. ಊರು ಸವದತ್ತಿ ತಾಲ್ಲೂಕು. ಅವಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿದಾಳೆ, ಕ್ಲಾಸು, ಟೆಸ್ಟು ಎಲ್ಲಾ ಆನ್‌ಲೈನ್. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಅಪ್ಪನ ಫೋನಿನ ಹಾಟ್‌ಸ್ಪಾಟೇ ಗತಿ. ಒಂದಿನ ಫೋನ್ ಮಾಡಿ ಹೇಳಿದಳು: "ಅಣ್ಣಾ, ಅಪ್ಪ ಹೊಲಕ್ಕ ಹೋದ್ರ ನೆಟ್ಟೂ ಹೊಲಕ್ಕ ಹೋಗ್ತೈತಿ." ಅವತ್ತು ಒಂದು ಟೆಸ್ಟ್ ಅರ್ಧಕ್ಕೇ ನಿಂತುಹೋಗಿತ್ತು.

ನನ್ನ ಹತ್ರ ಒಂದು ಹಳೇ ಥಿಂಕ್‌ಪ್ಯಾಡ್ ಟಿ460 ಇತ್ತು, 2016ರ ಮಾಡೆಲ್. ಆರನೇ ತಲೆಮಾರಿನ ಇಂಟೆಲ್ ಚಿಪ್, ಹಾಗಾಗಿ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಲಿನಕ್ಸ್ ಮಿಂಟ್ ಹಾಕಿದೆ. ಒಳಗೇ ಒಂದು 4ಜಿ ಕಾರ್ಡ್ ಕೂರಿಸಿ, ಅದಕ್ಕೇ ಒಂದು ಸಿಮ್ ಹಾಕಿಬಿಟ್ರೆ ಫೋನಿನ ಹಂಗೇ ಇರಲ್ಲ ಅಂದ್ಕೊಂಡೆ. ಬುಧವಾರ ಪೇಠೆಯ ಗಲ್ಲಿಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರ್ಡ್ ವಿಚಾರಿಸಿದಾಗ ಅಂಗಡಿಯವ ಲ್ಯಾಪ್‌ಟಾಪ್ ನೋಡಿ ಒಂದೇ ಮಾತು ಹೇಳಿದ: "ಸ್ಲಾಟ್ ಆಹೇ ನಾ, ಚಾಲೇಲ್." ಸ್ಲಾಟ್ ಇದೆಯಲ್ಲ, ನಡೆಯುತ್ತೆ.

ನಡೀಲಿಲ್ಲ. ಒಂದಲ್ಲ, ಮೂರು ಸಲ ನಿಂತಿತು. ಮೂರೂ ಸಲ ಕಣ್ಣಿಗೆ ಕಾಣೋದು ಒಂದೇ: ನೆಟ್ ಇಲ್ಲ. ಆದರೆ ಕಾರಣ ಮೂರೂ ಬೇರೆ. ಇವತ್ತಿನ ಮುಖ್ಯ ಮಾತು ಇದೇ. ಮೋಡೆಮ್ ಕಾರ್ಡ್ ಅಂದ್ರೆ ಒಂದರ ಮೇಲೊಂದು ಮೆಟ್ಟಿಲು. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದನ್ನು ರಿಪೇರಿ ಮಾಡೋಕೆ ಹೋಗಬೇಡಿ. ನಾವು ಇಂಜಿನಿಯರುಗಳು ಮೊದಲು ಎಪಿಎನ್ ಸೆಟ್ಟಿಂಗ್‌ಗೇ ಕೈ ಹಾಕ್ತೀವಿ. ಅದು ಕೊನೇ ಮೆಟ್ಟಿಲು.

ಮೆಟ್ಟಿಲು 1: ಸ್ಲಾಟ್ ಮತ್ತು ವೈರು

2012ರ ಆಸುಪಾಸಿನ ಎಕ್ಸ್230, ಟಿ430 ಥರದ ಲ್ಯಾಪ್‌ಟಾಪ್‌ಗಳಲ್ಲಿ ಇರೋದು ಮಿನಿ ಪಿಸಿಐಇ ಸ್ಲಾಟ್. ಆಮೇಲಿನ ಟಿ440, ಟಿ450, ಟಿ460ಗಳಲ್ಲಿ ಎಂ.2. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರಲ್ಲ. ಎಂ.2ನಲ್ಲೂ ಕಚ್ಚು ನೋಡಿ: ಮೋಡೆಮ್‌ಗೆ ಬೇಕಾಗಿರೋದು ಬಿ ಕೀ ಸ್ಲಾಟ್. ವೈಫೈ ಸ್ಲಾಟ್ ಎ ಅಥವಾ ಇ ಕೀ, ಅದು ಬೇರೆ.

ಸ್ಲಾಟ್ ಇದ್ದ ಮಾತ್ರಕ್ಕೆ ಸಾಲದು. ನೋಡೋಕೆ ಪಿಸಿಐಇ ಥರ ಇದ್ರೂ ಈ ಕಾಲದ ಮೋಡೆಮ್‌ಗಳು ಲ್ಯಾಪ್‌ಟಾಪ್ ಜೊತೆ ಮಾತಾಡೋದು ಹೆಚ್ಚಾಗಿ ಅದೇ ಸ್ಲಾಟಿನ ಯುಎಸ್‌ಬಿ ಗೆರೆಗಳ ಮೂಲಕ. ಸಿಮ್‌ಗೂ ಬೇರೆ ಗೆರೆಗಳು ಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಲಾಟ್ ಇರುತ್ತೆ, ಸಿಮ್ ಹೋಲ್ಡರನ್ನೇ ಬೆಸುಗೆ ಹಾಕಿರಲ್ಲ. ಹಾಗಾಗಿ ಕಾರ್ಡ್ ಕೊಳ್ಳೋ ಮುಂಚೆ ಎರಡು ನೋಡಿ:

- ಸಿಮ್ ತೂರಿಸೋ ಜಾಗ ನಿಜವಾಗಿ ಇದೆಯಾ? ನನ್ನದರಲ್ಲಿ ತೆಗೆಯೋ ಬ್ಯಾಟರಿಯ ಜಾಗದಲ್ಲಿದೆ.
- ಸ್ಲಾಟ್ ಪಕ್ಕ ಎರಡು ಆಂಟೆನಾ ವೈರು ಇವೆಯಾ? ಥಿಂಕ್‌ಪ್ಯಾಡ್‌ನಲ್ಲಿ ಸಾಮಾನ್ಯವಾಗಿ ಕೆಂಪು ಮತ್ತು ನೀಲಿ. ಕೆಂಪು ಮೇನ್, ನೀಲಿ ಆಕ್ಸ್. ಬೂದು ಮತ್ತು ಕಪ್ಪು ವೈಫೈಯದ್ದು, ಅದನ್ನು ಮುಟ್ಟಬೇಡಿ.

ಆಂಟೆನಾ ಇಲ್ಲದಿದ್ರೆ ಅಲ್ಲಿಗೇ ಬಿಟ್ಟುಬಿಡಿ. ಸ್ಕ್ರೀನ್ ಬಿಚ್ಚಿ ಆಂಟೆನಾ ಹಾಕೋ ಹೊತ್ತಿಗೆ ಒಂದು ಡಾಂಗಲ್ ಬಂದಿರುತ್ತೆ.

ಬಿಚ್ಚೋ ಮುಂಚೆ ಚಾರ್ಜರ್ ಕಿತ್ತು, ಬಯಾಸ್‌ಗೆ ಹೋಗಿ ಒಳಗಿನ ಬ್ಯಾಟರಿಯನ್ನು ಡಿಸೇಬಲ್ ಮಾಡಿ. ಟಿ460ನಲ್ಲಿ ಎರಡು ಬ್ಯಾಟರಿ ಇವೆ. ಹೊರಗಿನದು ತೆಗೆದ್ರೂ ಒಳಗಿನದು ಕರೆಂಟ್ ಕೊಡ್ತಾನೇ ಇರುತ್ತೆ.

ನಾನು ಒಂದು ಸಲ ಸೋತಿದ್ದು ಇಲ್ಲೇ. ಎಂ.2 ಕಾರ್ಡಿನ ಆಂಟೆನಾ ಗುಂಡಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನೇರ ಮೇಲಿನಿಂದ ಒತ್ತಿದಾಗ ಟಿಕ್ ಅನ್ನಬೇಕು. ನಾನು ಅವಸರದಲ್ಲಿ ಕೆಂಪು ವೈರನ್ನು ಓರೆಯಾಗಿ ಇಟ್ಟು ಮುಚ್ಚಳ ಹಾಕಿಬಿಟ್ಟಿದ್ದೆ. ಕಾರ್ಡ್ ಕಾಣ್ತಿತ್ತು, ನೆಟ್‌ವರ್ಕ್ ಬರ್ತಿತ್ತು ಹೋಗ್ತಿತ್ತು. ಅದೇ ಟೇಬಲ್ ಮೇಲೆ ಫೋನ್ ತೋರಿಸ್ತಿದ್ದ ಸಿಗ್ನಲ್ ಮೈನಸ್ 92 ಡಿಬಿಎಂ, ಕಾರ್ಡ್ ತೋರಿಸ್ತಿದ್ದದ್ದು ಮೈನಸ್ 118. ಒಂದೇ ಕಂಪನಿ, ಒಂದೇ ಬ್ಯಾಂಡ್, ಒಂದೇ ಜಾಗದಲ್ಲಿ ಅಷ್ಟು ವ್ಯತ್ಯಾಸ ಇದ್ರೆ ಮೊದಲು ವೈರನ್ನೇ ಅನುಮಾನಿಸಿ.

ಮೆಟ್ಟಿಲು 2: ಬಯಾಸ್ ಒಪ್ಪುತ್ತಾ?

ಹಲವು ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಒಂದು ಒಪ್ಪಿಗೆ ಪಟ್ಟಿ ಇರುತ್ತೆ. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದ್ರೆ ಬೂಟೇ ಆಗಲ್ಲ. ಹಳೇ ಥಿಂಕ್‌ಪ್ಯಾಡ್‌ಗಳಲ್ಲಿ 1802 ಅನ್ನೋ ಎರರ್ ನಂಬರ್ ಬಂದು, ಕಾರ್ಡ್ ತೆಗಿ ಅನ್ನುತ್ತೆ. ಅದು ಕಾರ್ಡ್ ಕೆಟ್ಟಿದೆ ಅಂತಲ್ಲ. ಅದೇ ಲ್ಯಾಪ್‌ಟಾಪ್ ಕಂಪನಿ ಆ ಮಾಡೆಲ್‌ಗೆ ಅಂತ ಕೊಟ್ಟ ಪಾರ್ಟ್ ನಂಬರಿನ ಕಾರ್ಡನ್ನೇ ತಗೊಂಡ್ರೆ ಈ ತಲೆನೋವು ಇರಲ್ಲ. ಬಯಾಸ್ ಮಾರ್ಪಡಿಸೋ ಉಪಾಯಗಳೂ ಓಡಾಡ್ತವೆ. ತಂಗಿ ದಿನಾ ಬಳಸೋ ಮಷಿನ್ ಮೇಲೆ ನಾನಂತೂ ಆ ಪ್ರಯೋಗ ಮಾಡಲ್ಲ.

ಬೂಟ್ ಆದ ಮೇಲೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಡಿ. ಪಟ್ಟಿಯಲ್ಲಿ ಮೋಡೆಮ್ ಹೆಸರು ಬಂತಾ? ಬಂದ್ರೆ ಈ ಎರಡು ಮೆಟ್ಟಿಲು ಹತ್ತಿದ ಹಾಗೆ. ಬರದಿದ್ರೆ ಸಿಮ್, ಎಪಿಎನ್ ಯಾವುದೂ ಮುಟ್ಟಬೇಡಿ. ಕಾರ್ಡನ್ನು ಮತ್ತೆ ಕೂರಿಸಿ, ಬಯಾಸ್‌ನಲ್ಲಿ ವೈರ್‌ಲೆಸ್ ವ್ಯಾನ್ ಆನ್ ಇದೆಯಾ ನೋಡಿ.

ಮೆಟ್ಟಿಲು 3: ಕಾರ್ಡಿನ ಬಾಯಿಗೆ ಬೀಗ

ನನ್ನ ಇನ್ನೊಂದು ಸೋಲು. ಕಾರ್ಡ್ ಕಾಣುತ್ತೆ, ಸಿಮ್ ಕಾಣುತ್ತೆ, ಆದರೆ ಎಷ್ಟು ಸಲ ಆನ್ ಮಾಡಿದ್ರೂ ರೇಡಿಯೋ ಮಾತ್ರ ಆನ್ ಆಗಲ್ಲ. ಎಂಎಂಸಿಎಲ್‌ಐ ಕಮಾಂಡ್‌ನಲ್ಲಿ ಪವರ್ ಸ್ಟೇಟ್ ಎದುರು 'ಲೋ' ಅಂತಿತ್ತು.

ಇದಕ್ಕೆ ಎಫ್‌ಸಿಸಿ ಲಾಕ್ ಅಂತಾರೆ. ಎಫ್‌ಸಿಸಿ ಅಂದ್ರೆ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ. ಲ್ಯಾಪ್‌ಟಾಪ್, ಮೋಡೆಮ್, ಆಂಟೆನಾ ಮೂರನ್ನೂ ಒಟ್ಟಿಗೆ ಪರೀಕ್ಷೆ ಮಾಡಿದ ಜೋಡಿಯಲ್ಲಿ ಮಾತ್ರ ರೇಡಿಯೋ ನಡೆಯಲಿ ಅಂತ ತಯಾರಕರು ಈ ಬೀಗ ಹಾಕ್ತಾರೆ. ಪ್ರತಿ ಸಲ ಆನ್ ಆದಾಗ ಲ್ಯಾಪ್‌ಟಾಪ್ ಒಂದು ಗುಪ್ತ ಸಂದೇಶ ಕಳಿಸಬೇಕು, ಆಗಲೇ ಕಾರ್ಡ್ ಬಾಯಿ ಬಿಡುತ್ತೆ. ವಿಂಡೋಸ್‌ನಲ್ಲಿ ಕಂಪನಿಯ ಡ್ರೈವರ್ ಈ ಕೆಲಸ ಮಾಡುತ್ತೆ. ಲಿನಕ್ಸ್‌ನಲ್ಲಿ ಮೋಡೆಮ್ ಮ್ಯಾನೇಜರ್ ಮೊದಲು ಕೆಲವು ಕಾರ್ಡ್‌ಗಳಿಗೆ ತಾನೇ ಮಾಡ್ತಿತ್ತು. 1.18.4 ಆವೃತ್ತಿಯಿಂದ ಅದು ನಿಂತಿದೆ, ಬಳಸೋರೇ ಒಪ್ಪಿಗೆ ಕೊಡಬೇಕು.

ಒಪ್ಪಿಗೆ ಕೊಡೋದು ಅಂದ್ರೆ ಇಷ್ಟೇ: ಮೋಡೆಮ್ ಮ್ಯಾನೇಜರ್ ಜೊತೆ ಬರೋ 'ಅವೈಲಬಲ್' ಫೋಲ್ಡರ್‌ನಲ್ಲಿ ನಿಮ್ಮ ಕಾರ್ಡಿನ ಯುಎಸ್‌ಬಿ ಐಡಿ ಹೆಸರಿನ ಸ್ಕ್ರಿಪ್ಟ್ ಇರುತ್ತೆ. ಅದಕ್ಕೆ ಇಟಿಸಿ ಒಳಗಿನ ಎಫ್‌ಸಿಸಿ ಅನ್‌ಲಾಕ್ ಫೋಲ್ಡರ್‌ನಿಂದ ಒಂದು ಸಾಫ್ಟ್ ಲಿಂಕ್ ಮಾಡಿ. ನನ್ನ ಕಾರ್ಡ್ ಸಿಯೆರಾ ವೈರ್‌ಲೆಸ್‌ನ ಇಎಂ7455, ಲೆನೊವೊ ಆವೃತ್ತಿ, ಐಡಿ 1199:9079. ಲಿಬ್‌ಕ್ಯೂಎಂಐ ಯುಟಿಲ್ಸ್ ಪ್ಯಾಕೇಜ್ ಇಲ್ಲದಿದ್ರೆ ಸ್ಕ್ರಿಪ್ಟ್ ಓಡಲ್ಲ, ಅದನ್ನೂ ಹಾಕ್ಕೊಳ್ಳಿ. ರೀಬೂಟ್ ಮಾಡಿದೆ, ವಾಕಡ್‌ನ ರೂಮಿನಲ್ಲಿ ನೆಟ್ ಬಂತು. ಲ್ಯಾಪ್‌ಟಾಪನ್ನು ಊರಿಗೆ ಹೊರಟ ಗೆಳೆಯನ ಕೈಲಿ ಕಳಿಸಿದೆ.

ಮೆಟ್ಟಿಲು 4: ಬ್ಯಾಂಡ್

ಊರಲ್ಲಿ ನೆಟ್ ಇಲ್ಲ. ಸಂಜೆ ಅಪ್ಪ ಹೊಲದಿಂದ ಬಂದ ಮೇಲೆ, ಅದೇ ಫೋನಿನಿಂದ ತಂಗಿ ಫೋನ್ ಮಾಡಿದಳು. ಎಂಎಂಸಿಎಲ್‌ಐ ಕೊಡಿಸಿದೆ. "ಸ್ಟೇಟ್ ಸರ್ಚಿಂಗ್ ಅಂತ ಬರಾಕತ್ತೈತಿ ಅಣ್ಣಾ. ಅಪ್ಪನ ಫೋನ್‌ನ್ಯಾಗ ಅದ ಕಂಪನಿ ಸಿಮ್ಮಿಗೆ ನಾಕ್ ಕಡ್ಡಿ ಅದಾವು."

ಸರ್ಚಿಂಗ್ ಅಂದ್ರೆ ಕೆಳಗಿನದೆಲ್ಲಾ ಸರಿ ಇದೆ, ಕಾರ್ಡ್ ಹುಡುಕ್ತಿದೆ, ಸಿಗ್ತಿಲ್ಲ. ಫೋನಿಗೆ ನೆಟ್‌ಮಾನ್‌ಸ್ಟರ್ ಆ್ಯಪ್ ಹಾಕಿಸಿದೆ. ಫೋನ್ ಇದ್ದದ್ದು ಬ್ಯಾಂಡ್ 8ರಲ್ಲಿ, ಅಂದ್ರೆ 900 ಮೆಗಾಹರ್ಟ್ಸ್. ನನ್ನ ಕಾರ್ಡಿನಲ್ಲಿ ಬ್ಯಾಂಡ್ 8 ಇಲ್ಲವೇ ಇಲ್ಲ! ಪುಣೆಯಲ್ಲಿ ಬ್ಯಾಂಡ್ 3 ಧಾರಾಳವಾಗಿ ಸಿಗ್ತಿತ್ತು, ಹಾಗಾಗಿ ಗೊತ್ತಾಗಿರಲಿಲ್ಲ. ಕೊಳ್ಳೋ ಮುಂಚೆ ಬ್ಯಾಂಡ್ ಪಟ್ಟಿ ನೋಡದೆ ಇದ್ದದ್ದು ನನ್ನದೇ ತಪ್ಪು.

ನಮ್ಮ ದೇಶದಲ್ಲಿ 4ಜಿಗೆ ಮುಖ್ಯವಾದವು ಇವು:

- ಜಿಯೋ: ಬ್ಯಾಂಡ್ 3 (1800), 5 (850), 40 (2300)
- ಏರ್‌ಟೆಲ್: 1 (2100), 3, 8 (900), 40
- ವಿ: 1, 3, 8, 41 (2500)

ಯಾವ ಊರಲ್ಲಿ ಯಾವುದು ಅನ್ನೋದು ಬೇರೆ ಬೇರೆ. ಕಡಿಮೆ ಆವರ್ತನದ 850, 900 ದೂರ ಹೋಗ್ತವೆ, ಗೋಡೆ ದಾಟ್ತವೆ. ಹಳ್ಳಿಗಳಲ್ಲಿ ಹೆಚ್ಚಾಗಿ ಕೈಹಿಡಿಯೋದು ಅವೇ. ಇಎಂ7455ನಲ್ಲಿ 1, 3, 5, 41 ಇವೆ, 8 ಮತ್ತು 40 ಇಲ್ಲ. ಅದರ ಏಷ್ಯಾ ಕಡೆಯ ಜೋಡಿ ಇಎಂ7430ನಲ್ಲಿ 8 ಮತ್ತು 40 ಎರಡೂ ಇವೆ. ನಾನು ಮತ್ತೆ ಕೊಂಡ್ರೆ ಅದನ್ನೇ. ಹಳೇ 3ಜಿ ಕಾರ್ಡ್ ಅಗ್ಗಕ್ಕೆ ಸಿಗ್ತು ಅಂತ ಖಂಡಿತ ತರಬೇಡಿ. ಜಿಯೋದಲ್ಲಿ 3ಜಿ ಯಾವತ್ತೂ ಇರಲಿಲ್ಲ, ಏರ್‌ಟೆಲ್ 2020ರಲ್ಲೇ ನಿಲ್ಲಿಸಿದೆ.

ಕಾರ್ಡ್ ಬದಲಿಸೋ ಬದಲು ಸಿಮ್ ಬದಲಿಸಿದ್ವಿ. ಪಕ್ಕದ ಮನೆಯಲ್ಲಿ ಬ್ಯಾಂಡ್ 5 ಹಿಡಿಯೋ ಬೇರೆ ಕಂಪನಿಯ ಸಿಮ್ ಇತ್ತು. ಒಂದು ಗಂಟೆಗೆ ಅಂತ ಇಸ್ಕೊಂಡು ತಂಗಿಯೇ ಹಾಕಿ ನೋಡಿದಳು. ಸರ್ಚಿಂಗ್ ಹೋಗಿ ರಿಜಿಸ್ಟರ್ಡ್ ಬಂತು. ಮಾರನೇ ದಿನ ಅವಳ ಹೆಸರಿಗೇ ಆ ಕಂಪನಿಯ ಸಿಮ್ ತಗೊಂಡಳು.

ಮೆಟ್ಟಿಲು 5: ಎಪಿಎನ್

ರಿಜಿಸ್ಟರ್ಡ್ ಅಂತಿದ್ದೂ ಪೇಜ್ ತೆರೀದಿದ್ರೆ ಮಾತ್ರ ಇಲ್ಲಿ ನೋಡಿ. ಜಿಯೋಗೆ ಜಿಯೋನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಎರಡನ್ನೂ ಸಣ್ಣಕ್ಷರದ ಇಂಗ್ಲಿಷ್‌ನಲ್ಲಿ, ಸ್ಪೇಸ್ ಇಲ್ಲದೆ ಟೈಪ್ ಮಾಡಿ. ಐಪಿವಿ6 ಆಫ್ ಮಾಡಿಟ್ಟಿದ್ರೆ ಆನ್ ಮಾಡಿ.

ಒಂದೇ ನೋಟಕ್ಕೆ

- ಎಲ್‌ಎಸ್‌ಯುಎಸ್‌ಬಿಯಲ್ಲಿ ಇಲ್ಲ: ಸ್ಲಾಟ್ ಅಥವಾ ಬಯಾಸ್
- ಫೇಲ್ಡ್, ಸಿಮ್ ಮಿಸ್ಸಿಂಗ್: ಸಿಮ್ ಸರಿಯಾಗಿ ಕೂತಿಲ್ಲ, ಅಥವಾ ನ್ಯಾನೋ ಅಡಾಪ್ಟರ್ ಜರುಗಿದೆ
- ಲಾಕ್ಡ್: ಸಿಮ್ ಪಿನ್ ಕೇಳ್ತಿದೆ
- ಡಿಸೇಬಲ್ಡ್, ಪವರ್ ಲೋ: ಎಫ್‌ಸಿಸಿ ಲಾಕ್ ಅಥವಾ ಏರೋಪ್ಲೇನ್ ಮೋಡ್
- ಸರ್ಚಿಂಗ್: ಬ್ಯಾಂಡ್ ಅಥವಾ ಆಂಟೆನಾ
- ರಿಜಿಸ್ಟರ್ಡ್, ನೆಟ್ ಇಲ್ಲ: ಎಪಿಎನ್ ಅಥವಾ ಮುಗಿದ ರೀಚಾರ್ಜ್

ಸೆಕೆಂಡ್‌ಹ್ಯಾಂಡ್ ತಗೊಳ್ಳೋರಿಗೆ ಒಂದು ಎಚ್ಚರಿಕೆ. ಈ ಕಾರ್ಡಿಗೂ ಫೋನಿನ ಹಾಗೆ ಐಎಂಇಐ ನಂಬರ್ ಇದೆ, ಸ್ಟಿಕರ್ ಮೇಲೇ ಇರುತ್ತೆ. ಕೆವೈಎಂ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಸ್ಪೇಸ್ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ ನೋಡಿ. ಐಎಂಇಐ ಬದಲಿಸಿಕೊಡ್ತೀನಿ ಅನ್ನೋರ ಹತ್ರ ಹೋಗಬೇಡಿ, ಅದು ಅಪರಾಧ.

ಹಾಗಾದ್ರೆ ಇಷ್ಟೆಲ್ಲಾ ಬೇಕಾ? ಪ್ರಾಮಾಣಿಕವಾಗಿ ಹೇಳ್ತೀನಿ, ಎಲ್ಲರಿಗೂ ಬೇಡ. ಆಂಟೆನಾ ಮತ್ತು ಸಿಮ್ ಜಾಗ ಎರಡೂ ಇರೋ ಲ್ಯಾಪ್‌ಟಾಪ್ ಇದ್ರೆ ಮಾಡಿ. ಇಲ್ಲದಿದ್ರೆ ಡಾಂಗಲ್ ತಗೊಳ್ಳಿ. ನಮ್ಮ ಮನೆಯಲ್ಲಿ ಡಾಂಗಲ್ ತಂದಿದ್ರೆ ಅದೂ ಯಾರದಾದ್ರೂ ಜೇಬು ಸೇರ್ತಿತ್ತು. ಒಳಗೆ ಸ್ಕ್ರೂ ಹಾಕಿ ಕೂರಿಸಿದ್ದನ್ನು ಯಾರೂ ಒಯ್ಯಲ್ಲ.

ಕಳೆದ ಭಾನುವಾರ ತಂಗಿ ಮೂರು ಗಂಟೆಯ ಟೆಸ್ಟ್ ಪೂರ್ತಿ ಬರೆದಳು. ಅಪ್ಪ ಫೋನ್ ತಗೊಂಡು ಬೆಳಗ್ಗೆನೇ ಹೊಲಕ್ಕೆ ಹೋಗಿದ್ರು.