ಸೊಸಾಯಟಿಯ ಮನೆ: ಸುಖವೆಷ್ಟು, ಕಟ್ಟುಪಾಡೆಷ್ಟು?

ಸೊಲ್ಲಾಪುರದ ಹಳೆಯ ವಾಡೆ ಬಿಟ್ಟು ಹೌಸಿಂಗ್ ಸೊಸಾಯಟಿಯ ಫ್ಲ್ಯಾಟಿಗೆ ಹೋದ ಕುಟುಂಬಗಳು ನಮ್ಮ ಸಮಾಜದಲ್ಲಿ ಬಹಳ. ನಾವೂ ಹೋದವರೇ. ಕಾವಲು, ಪಂಪು, ದೀಪ, ಕಸ ಇವುಗಳ ಚಿಂತೆ ಹಂಚಿಹೋಗುತ್ತದೆ. ಅಂಗಡಿ ಮುಚ್ಚಿ ತಡವಾಗಿ ಬಂದರೂ ಮನೆಯವರು ಒಬ್ಬರೇ ಇದ್ದಾರೆಂಬ ಅಳುಕಿಲ್ಲ.

ಆದರೆ ಫ್ಲ್ಯಾಟು ನಮ್ಮದಾದರೂ ಬಾವಿ, ಮಾಳಿಗೆ, ಅಂಗಳ ಎಲ್ಲರದು. ಒಂದು ಚಾತುರ್ಮಾಸದಲ್ಲಿ ಮುನಿಮಹಾರಾಜರ ಆಹಾರಕ್ಕೆಂದು ನಮ್ಮಲ್ಲಿ ಚೌಕಾ ಹಚ್ಚಿದ್ದೆವು. ನಳದ ನೀರು ನಡೆಯದು, ಬಾವಿಯದೇ ಬೇಕು. ಆವರಣದ ಬಾವಿಗೆ ಸಮಿತಿಯವರು ಮಕ್ಕಳ ಸುರಕ್ಷತೆಗೆಂದು ಜಾಳಿಗೆ ಹಾಕಿ ಕೀಲಿ ಜಡಿದಿದ್ದರು. ಕಾರ್ಯದರ್ಶಿಗಳು ಬೀಗದಕೈ ಕೊಡಲಿಲ್ಲ. ನಾನೂ ಎರಡು ಮಾತು ಹೆಚ್ಚೇ ಆಡಿದೆ. ಅಂದು ಬಸದಿಯ ಬಾವಿಯಿಂದ ಕೊಡ ಹೊತ್ತು ತಂದೆವು. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಅರ್ಜಿ ಕೊಟ್ಟಾಗ, ದೊಡ್ಡವರೊಬ್ಬರು ಜವಾಬ್ದಾರಿ ಹೊತ್ತರೆ ಬೀಗ ತೆಗೆಯಬೇಕೆಂದು ಠರಾವಾಯಿತು. ಕೈ ಎತ್ತಿದವರಲ್ಲಿ ಜೈನರಲ್ಲದವರೇ ಹೆಚ್ಚು!

ವ್ಯಾಪಾರಸ್ಥರಾದ ನಾವು ಸಭೆಗೇ ಹೋಗುವುದಿಲ್ಲ, ಆಮೇಲೆ ಗೊಣಗುತ್ತೇವೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯಂತೆ ಲೆಕ್ಕಪತ್ರ ನೋಡುವ ಹಕ್ಕು ಸದಸ್ಯನಿಗಿದೆ. ಬಾಕಿದಾರನಿಂದ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸುವ ದಾರಿ ಸಂಘಕ್ಕೂ ಇದೆ. ಫ್ಲ್ಯಾಟು ಬಾಡಿಗೆಗೆ ಕೊಟ್ಟರೆ ಸಂಘವು ಸೇವಾಶುಲ್ಕದ ಶೇ. 10ಕ್ಕಿಂತ ಹೆಚ್ಚು ಕೇಳಕೂಡದೆಂದು ಸರ್ಕಾರ 2001ರಲ್ಲಿ ಮಿತಿ ಹಾಕಿದೆ.

ಕೊಳ್ಳುವ ಮೊದಲು ಜಾಗದ ಖರೀದಿಪತ್ರ ಸಂಘದ ಹೆಸರಿಗೆ ಆಗಿದೆಯೇ ನೋಡಿರಿ. ನಮ್ಮಲ್ಲಿ ಇನ್ನೂ ಬಿಲ್ಡರರ ಹೆಸರಿನಲ್ಲಿದೆ. ಬಿಲ್ಡರ್ ಮಾಡಿಕೊಡದಿದ್ದರೆ ಸಂಘವೇ ಅರ್ಜಿ ಹಾಕಬಹುದೆಂದು 2008ರ ತಿದ್ದುಪಡಿ ಹೇಳುತ್ತದೆ. ಅದರ ಕಾಗದಪತ್ರ ಕೂಡಿಸುವ ಕೆಲಸ ಈಗ ನನ್ನ ತಲೆಗೇ ಬಂದಿದೆ.